ಒಪ್ಪಿಗಿ ಐತೋ ಇಲ್ಲೋ

ಮೊನ್ನೆ ಕೋರ್ಟು ಮುಗಿಸಿ ಇಳಕಲ್ಲಿನ ಬಸ್ಸು ಹತ್ತಿ ಕೂತಿದ್ದೆ. ಹುನಗುಂದ ದಾಟುವುದರೊಳಗೆ ಮಳೆ ಹಿಡಿಯಿತು. ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ದಿನವೆಲ್ಲ ಬಿಸಿಲಿಗೆ ಕಾದ ಸೀಟಿನ ಮೇಲೆ ಹನಿ ಬಿದ್ದದ್ದೇ ತಡ, ಧೂಳು, ಡೀಸೆಲ್ಲು, ಹಳೆಯ ರೆಗ್ಜಿನ್ನು ಎಲ್ಲ ಕೂಡಿದ ಒಂದು ವಾಸನೆ ಎದ್ದಿತು. ಬೇರೆಯವರಿಗೆ ಅದು ಬರೀ ಬಸ್ಸಿನ ವಾಸನೆ. ನನಗೆ ಮಾತ್ರ ಹಾಗಲ್ಲ. ಆ ವರ್ಷದ ಬೇಸಿಗೆ ಬಂದು ಪಕ್ಕದ ಸೀಟಿನಲ್ಲಿ ಕೂತುಬಿಡುತ್ತದೆ.

ನಾನು ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್. ಮನೆ ಇಳಕಲ್ಲಿನಲ್ಲಿ, ದಿನಾಲೂ ಬಸ್ಸಿನ ಓಡಾಟ. ನಮ್ಮ ಮನೆಯವರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಮನೆಯಲ್ಲಿ ಅತ್ತೆ, ಮದುವೆಗೆ ಬಂದ ನಾದಿನಿ ಸುನಂದಾ, ಮತ್ತೆ ನನ್ನ ಮಗಳು ಮುತ್ತು. ಆಗ ಅವಳಿಗೆ ಒಂಬತ್ತು ವರ್ಷ. ಮಾತು ಬಂದಿಲ್ಲ. ಬಾಗಲಕೋಟೆಯ ಡಾಕ್ಟರು ಆಟಿಸಂ ಅಂದಿದ್ದರು. ನಮ್ಮ ಓಣಿಯವರು ಬಾಗಲಕೋಟೆಗೆ ಹೋಗದೆಯೇ ಬೇರೆ ಬೇರೆ ಹೆಸರಿಟ್ಟಿದ್ದರು. ಅವನ್ನೆಲ್ಲ ಇಲ್ಲಿ ಬರೆದು ನನ್ನ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ.

ಮುತ್ತುವಿಗೆ ಅವಳವೇ ಕಾಯ್ದೆಗಳಿದ್ದವು, ನಮ್ಮ ಕೋರ್ಟಿನ ಕಾಯ್ದೆಗಿಂತ ಕಟ್ಟುನಿಟ್ಟು. ಮಲಗುವಾಗ ನನ್ನ ಸೆರಗಿನ ತುದಿ ಮುಷ್ಟಿಯಲ್ಲಿರಬೇಕು. ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟೇ ಬೇಕು. ಕೂತ ಮೇಲೆ ಎಂಜಿನ್ ಬಂದ್ ಆಗುವ ತನಕ ಇಳಿಯುವುದಿಲ್ಲ. ನಡುವೆ ಯಾರಾದರೂ ಕೈ ಹಿಡಿದು ಎಬ್ಬಿಸಿದರೋ, ಮುಗಿಯಿತು, ಇಡೀ ಬಸ್ಸು ಕಿವಿ ಮುಚ್ಚಿಕೊಳ್ಳಬೇಕು, ಹಾಗೆ ಚೀರುತ್ತಾಳೆ. ಎಂಜಿನ್ ನಿಂತ ಮೇಲೆ "ಬಂದಾತ್, ಏಳ ಬಂಗಾರ" ಅಂದರೆ ಸಾಕು, ತಾನಾಗಿಯೇ ಎದ್ದು ಇಳಿಯುತ್ತಾಳೆ.

ಶಾಹೀನ್ ನಮ್ಮ ಮನೆಗೆ ಬಂದದ್ದು ಆ ಬೇಸಿಗೆಯ ಶುರುವಿನಲ್ಲಿ, ಒಂದು ರವಿವಾರ. ಇಂಡಿ ಕಡೆಯ ಹುಡುಗಿ. ಬಾಗಲಕೋಟೆಯಲ್ಲಿ ಒಂದು ರೂಮು ಹಿಡಿದುಕೊಂಡು ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಾಲೇಜು ಹುಡುಗರ ಒಂಟಿತನದ ಮೇಲೆ ಒಂದು ಕೆಲಸ, ಮುತ್ತುವಿನಂಥ ಮಕ್ಕಳ ತಾಯಂದಿರ ಮೇಲೆ ಇನ್ನೊಂದು. ಬಾದಾಮಿ, ಹುನಗುಂದ, ಇಳಕಲ್ಲು ಅಂತ ಬ್ಯಾಗು ಹೆಗಲಿಗೇರಿಸಿ ಮನೆ ಮನೆ ತಿರುಗುತ್ತಿದ್ದಳು. ತೆಳ್ಳಗಿನ ಹುಡುಗಿ, ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕೊಟ್ಟೆ, ಕೂತಳು. ಊರು, ಉದ್ಯೋಗ, ಹೆರಿಗೆ ಎಲ್ಲ ಕೇಳಿ ಬರೆದುಕೊಂಡಳು. ಆಮೇಲೆ ತಲೆ ತಗ್ಗಿಸಿ ಓದಿದಳು: "ನಿಮ್ಮ ಮಗುವಿನ ಸ್ಥಿತಿಯನ್ನು ನೀವು ಒಪ್ಪಿಕೊಂಡಿದ್ದೀರಾ?"

ಆ ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ಮೈ ಉರಿಯಿತು. ಯಾಕೆ ಅಂತ ಹೇಳುತ್ತೇನೆ. ದಿನ ಬೆಳಗಾದರೆ ನಾನು ಕೇಳುವ ಶಬ್ದ ಅದು. ಕಟಕಟೆಯಲ್ಲಿ ಒಬ್ಬ ನಿಲ್ಲುತ್ತಾನೆ, ಅವನ ಮೇಲಿನ ಆರೋಪ ಓದುತ್ತಾರೆ, "ಒಪ್ಪಿಕೊಳ್ಳುತ್ತೀರೋ ಇಲ್ಲವೋ" ಅಂತ ಕೇಳುತ್ತಾರೆ. ಹೊರಗೆ ವರಾಂಡದಲ್ಲಿ ವಕೀಲರು ಕಕ್ಷಿದಾರನ ಕಿವಿಯಲ್ಲಿ, "ಒಪ್ಪಗೊಂಡಬಿಡೋ ಮಾರಾಯಾ, ದಂಡ ಕಟ್ಟಿ ಮನಿ ಹಾದಿ ಹಿಡಿ" ಅಂತಿರುತ್ತಾರೆ. ನಮ್ಮಲ್ಲಿ ಒಪ್ಪಿಕೊಳ್ಳುವುದು ಅಂದರೆ ತಲೆ ತಗ್ಗಿಸುವುದು.

"ನಾ ಏನ್ ಗುನ್ಹೆ ಮಾಡೇನಿ ಅಂತ ಒಪ್ಪಗೋಬೇಕವಾ?" ಅಂದೆ. "ಕೂಸು ಹಡದೇನಿ. ಯಾರ ತಲಿ ಒಡದಿಲ್ಲ, ಯಾರ ಹೊಲದ ಬದು ಒತ್ತಿಲ್ಲ. ಏಳು, ಎದ್ದ ನಡಿ."

ಹುಡುಗಿ ಕಂಗಾಲಾದಳು. "ಹಂಗಲ್ರಿ ಅಕ್ಕಾರ, ಅದರ ಅರ್ಥ ಹಂಗಲ್ರಿ..."

"ಅರ್ಥ ನನಗ ಹೇಳಾಕ ಬರಬ್ಯಾಡ. ಅದನ್ನ ದಿನಾ ಟೈಪ್ ಮಾಡ್ತೇನಿ ನಾ."

ಅವಳು ಕಾಗದ ಮಡಚಿ ಬ್ಯಾಗಿಗೆ ಹಾಕಿದಳು. ಏಳಲು ಹೋದರೆ ಆಗಲಿಲ್ಲ. ನೋಡುತ್ತೇನೆ, ಮುತ್ತು ಅವಳ ಹಿಂದೆ ಕೂತು ಅವಳ ವೇಲಿನ ತುದಿ ಹಿಡಿದುಬಿಟ್ಟಿದ್ದಾಳೆ! ಹಡೆದವಳ ಸೆರಗು ಬಿಟ್ಟರೆ ಬೇರೆ ಯಾರ ಬಟ್ಟೆಯನ್ನೂ ಮುಟ್ಟದ ಕೂಸು. ಶಾಹೀನ್ ಎಳೆದುಕೊಳ್ಳಲಿಲ್ಲ. ಮುತ್ತು ತಾನಾಗಿ ಬಿಡುವ ತನಕ ಸುಮ್ಮನೆ ಕೂತಳು. ಅಷ್ಟರಲ್ಲಿ ನನ್ನ ಸಿಟ್ಟೂ ಇಳಿದು, ರೊಟ್ಟಿಯ ಹೊತ್ತೂ ಆಗಿತ್ತು. ಉಣ್ಣಿಸಿಯೇ ಕಳಿಸಿದೆ.

ಆಮೇಲೆ ಅವಳು ರವಿವಾರಕ್ಕೊಮ್ಮೆ ಬರತೊಡಗಿದಳು. ಬೇರೆ ಪ್ರಶ್ನೆಗಳನ್ನೆಲ್ಲ ಕೇಳಿದಳು, ಅದೊಂದನ್ನು ಬಿಟ್ಟು. ಒಂದು ದಿನ ನಾನೇ ಕಾಡಿದೆ. "ಅಲ್ಲವಾ, ಹುಡುಗರಿಗೆ ಒಂಟಿತನದ ಪ್ರಶ್ನೆ ಕೇಳ್ತಿಯಲ್ಲ, ಅದರಾಗ ಒಂದು ನನಗೂ ಕೇಳು ನೋಡೂಣು."

"ಮನಸಿನ ಮಾತು ಹೇಳ್ಕೊಳ್ಳಾಕ ಯಾರೂ ಇಲ್ಲ ಅಂತ ಅನಸ್ತೈತೇನ್ರಿ? ಯಾವಾಗಲೂ, ಆಗಾಗ, ಎಂದೂ ಇಲ್ಲ. ಮೂರರಾಗ ಒಂದು ಹೇಳ್ರಿ."

"ನಂದು ಇರಲಿ, ನಿಂದೇನು?"

ಅವಳು ನಕ್ಕಳು. "ಕೇಳಾವರದು ಲೆಕ್ಕಕ್ಕ ಬರೂದಿಲ್ರಿ ಅಕ್ಕಾರ." ನಕ್ಕದ್ದು ಬಾಯಿ ಮಾತ್ರ. ರೂಮಿನಲ್ಲಿ ಒಬ್ಬಳೇ, ಅಡುಗೆ ಮಾಡಿದರೂ ಒಬ್ಬಳೇ, ಜ್ವರ ಬಂದರೂ ಒಬ್ಬಳೇ ಅಂತ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಊರಿನವರು ಫೋನು ಮಾಡಿದರೆ "ಆರಾಮ ಅದೇನಿ" ಅಂದು ಇಟ್ಟುಬಿಡುತ್ತಿದ್ದಳಂತೆ.

ಆ ಹೊತ್ತಿಗೇ ಸುನಂದಾಗೆ ಒಂದು ಸಂಬಂಧ ಕೂಡಿ ಬಂತು. ಬಾದಾಮಿಯವರು. ಹುಡುಗ ಮಂಜುನಾಥ, ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಸರಕಾರಿ ನೌಕರಿಯ ಹುಡುಗ ಅಂದರೆ ಕೇಳಬೇಕೇ, ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕೂ ಮೊದಲು ಬಂದ ಎರಡು ಸಂಬಂಧ ಹೊಸಿಲು ದಾಟಿದ ಮೇಲೆ ತಪ್ಪಿದ್ದವು. ಎರಡೂ ಸಲ ಮುತ್ತು ಪಡಸಾಲೆಯಲ್ಲಿ ಕೂತು ತೂಗಾಡುತ್ತಿದ್ದಳು, ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾ ಕುಡಿದು ಹೋದವರು ತಿರುಗಿ ಸುದ್ದಿ ಕಳಿಸಿರಲಿಲ್ಲ. "ರಕ್ತದಾಗ ಐತೇನೋ" ಅಂದರಂತೆ.

ಅತ್ತೆ ಕೆಟ್ಟವಳಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಾನು ಕೋರ್ಟಿಗೆ ಹೋದ ಮೇಲೆ ಮುತ್ತುವಿಗೆ ಉಣ್ಣಿಸುವವಳು, ತೊಳೆಯುವವಳು, ತಲೆ ಬಾಚುವವಳು ಅವಳೇ. ಆದರೆ ಹೊರಗಿನವರು ಬಂದರೆ ಅದೇ ಕೈ ಮುತ್ತುವನ್ನು ಒಳಗೆ ನೂಕುತ್ತಿತ್ತು. ಆ ದಿನ ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡಳು. "ಒಂದ ದಿನದ ಮಾತು, ಕಸ್ತೂರಿ. ಕೂಸಿನ್ನ ಎಲ್ಲೆರ ಹೊರಗ ಕಳಸು. ಸುನಂದಾನ ಬಾಳಿನ ಪ್ರಶ್ನೆ ಐತಿ. ಒಪ್ಪಿಗಿ ಆಗಿಬಿಡ್ಲಿ, ಆಮ್ಯಾಲ ನಾನ ನಿಂತು ಹೇಳ್ತೇನಿ."

ಇಲ್ಲಿಯೂ ಅದೇ ಶಬ್ದ ನೋಡಿ. ಹುಡುಗಿ ಒಪ್ಪಿಗೆಯಾಗಬೇಕು, ಅದಕ್ಕೆ ನನ್ನ ಹುಡುಗಿ ಇಲ್ಲದಂತಾಗಬೇಕು. ಹಲ್ಲು ಕಚ್ಚಿದೆ. ಬಾಗಿಲ ಸಂದಿಯಲ್ಲಿ ಸುನಂದಾ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಹೂಂ ಅಂದೆ.

ಶಾಹೀನಳನ್ನು ಕೇಳಿದೆ. "ಕೂಡಲಸಂಗಮಕ್ಕ ಕರ್ಕೊಂಡ ಹೋಗವಾ. ಆಕಿಗಿ ಬಸ್ಸು ಅಂದ್ರ ಭಾಳ ಸೇರ್ತೈತಿ. ಹೊಳಿ ತೋರಿಸು, ಚುರುಮುರಿ ಕೊಡಸು, ಸಂಜೀಕ ಬರ್ರಿ." ಯಾಕೆ ಅಂತ ಅವಳು ಕೇಳಲಿಲ್ಲ. ಗೊತ್ತಾಗಿತ್ತು ಅನ್ನಿಸುತ್ತದೆ. ಮುತ್ತುವಿಗೆ ಕೆಂಪು ಫ್ರಾಕು ಹಾಕಿ, ಮುಂಜಾನೆಯೇ ಬಸ್ಸು ಹತ್ತಿಸಿ ಬಂದೆ. ಸೀಟಿನ ಮಾತು ಹೇಳಿದೆ, ಸೆರಗಿನ ಮಾತು ಹೇಳಿದೆ. ಎಂಜಿನ್ನಿನ ಮಾತು ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ಮಧ್ಯಾಹ್ನಕ್ಕೆ ಒಂದು ಬಾಡಿಗೆ ಜೀಪಿನಲ್ಲಿ ಬಾದಾಮಿಯವರು ಬಂದಿಳಿದರು. ಹುಡುಗ, ಅವನ ತಂದೆ, ತಾಯಿ, ಸೋದರಮಾವ, ಇನ್ನಿಬ್ಬರು ಹೆಂಗಸರು. ಶಿರಾ, ಅವಲಕ್ಕಿ, ಚಹಾ ಆಯಿತು. ಸುನಂದಾ ಇಳಕಲ್ ಸೀರೆಯುಟ್ಟು ಬಂದು ನಮಸ್ಕಾರ ಮಾಡಿ ಕೂತಳು. ಹುಡುಗನ ಮುಖ ನೋಡಿದರೆ ಪಸಂದ್ ಆದಂತಿತ್ತು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಸರಿಯಾಗಿ ನಡೆದಷ್ಟೂ ನಾನು ಬಾಗಿಲ ಹೊರಗಿನ ದಾರಿ ನೋಡುತ್ತಿದ್ದೆ.

ಬಿಸಿಲು ಇಳಿಯತೊಡಗಿತು. ಅಷ್ಟು ಹೊತ್ತಿಗೆ ಅವರು ಹುನಗುಂದಕ್ಕಾದರೂ ತಲುಪಿರಬೇಕು ಅಂತ ಅಡುಗೆಮನೆಯಿಂದ ಫೋನು ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಸ್ವಿಚ್ ಆಫ್. ಅಷ್ಟರಲ್ಲಿ ಆಕಾಶ ಕಪ್ಪಾಗಿ, ಗಾಳಿ ಎದ್ದು, ಆ ವರ್ಷದ ಮೊದಲನೆಯ ಮಳೆ ತಗಡಿನ ಮೇಲೆ ಕಲ್ಲು ಸುರಿದಂತೆ ಬಡಿಯಿತು. ಬಂದವರು ಏಳುವ ಮನಸ್ಸಿನಲ್ಲಿದ್ದವರು ಮತ್ತೆ ಕೂತರು. ನಮ್ಮ ಮನೆಯವರಿಗೆ ಸನ್ನೆ ಮಾಡಿದೆ. ಎಲೆ ಅಡಿಕೆ ತರುತ್ತೇನೆ ಅಂತ ನೆಪ ಹೇಳಿ, ಮಳೆಯಲ್ಲೇ ಮೋಟರ್ ಸೈಕಲ್ಲಿನ ಮೇಲೆ ಬಸ್ ನಿಲ್ದಾಣಕ್ಕೆ ಹೋದರು. ಒದ್ದೆ ಮುದ್ದೆಯಾಗಿ ಬಂದು ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದರು. ಕೈಯಲ್ಲಿ ಎಲೆಯೂ ಇರಲಿಲ್ಲ.

ಹೊಳೆ. ನನ್ನ ತಲೆಯಲ್ಲಿ ಅದೊಂದೇ. ಎರಡು ಹೊಳೆ ಕೂಡುವ ಜಾಗಕ್ಕೆ ಮಾತು ಬಾರದ ಕೂಸನ್ನು ಕಳಿಸಿದ್ದೇನೆ. ಕಾಲು ಜಾರಿದರೆ "ಅವ್ವಾ" ಅಂತ ಕೂಗಲೂ ಬಾರದು.

"ಅತ್ತಿ, ನಾ ಹೊಂಟೆ," ಅಂದೆ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಇನ್ನೊಂದ ಅರ್ಧ ತಾಸ ತಡಿಯ ಯವ್ವಾ. ಮಾತ ಮುಗಿಯಾಕ ಬಂದೈತಿ. ಆ ಹುಡುಗಿ ಶಾಣ್ಯಾಕಿ, ಎಲ್ಲೋ ಮಳಿಗಿ ನಿಂತಿರತಾಳ." ಹೇಳುವಾಗ ಅವಳ ಕೈಯಲ್ಲಿ ಮುತ್ತುವಿನ ಹಾಲಿನ ಲೋಟ. ಹೊತ್ತಾಯಿತು ಅಂತ ತಾನೇ ಕಾಸಿ ಹಿಡಿದುಕೊಂಡಿದ್ದಳು. ಇನ್ನೂ ಹಿಡಿದೇ ಇದ್ದೇನೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ಪಡಸಾಲೆಯಿಂದ ಹುಡುಗನ ತಂದೆಯ ದನಿ ಬಂತು. ಎಲ್ಲರನ್ನೂ ಕರೆದರು. ನಾವು ಹೋಗಿ ಗೋಡೆಗೆ ನಿಂತೆವು. ಹಿರಿಯರು ರುಮಾಲು ಸರಿ ಮಾಡಿಕೊಂಡು ಹೇಳಿದರು: "ನಮಗ ಹುಡುಗಿ ಒಪ್ಪಿಗಿ ಐತ್ರಿ. ಇನ್ನ ನಿಮ್ಮ ಕಡಿಯಿಂದ ಹೇಳೂದು ಏನರ ಐತೇನ್ರಿ?"

ಕೋರ್ಟಿನಲ್ಲಿ ಸಾಕ್ಷಿಗಳೆಲ್ಲ ಮುಗಿದ ಮೇಲೆ ಕಟಕಟೆಯಲ್ಲಿದ್ದವನಿಗೆ ಇದೇ ಮಾತು ಕೇಳುತ್ತಾರೆ, ನಿಮ್ಮ ಕಡೆಯಿಂದ ಹೇಳುವುದು ಏನಾದರೂ ಇದೆಯೇ ಅಂತ. ಹೆಚ್ಚಿನವರು ಏನೂ ಇಲ್ಲ ಅನ್ನುತ್ತಾರೆ. ನಾನು ಹಾಗೇ ಟೈಪ್ ಮಾಡುತ್ತೇನೆ. ಆ ದಿನ ನಮ್ಮ ಮನೆಯವರೂ ಬಾಯಿ ತೆರೆದರು, "ಏನೂ..." ಅನ್ನುವಷ್ಟರಲ್ಲಿ ನಾನು ಮುಂದೆ ಬಂದೆ.

"ಐತ್ರಿ. ನನಗೊಬ್ಬಾಕಿ ಮಗಳು ಅದಾಳ. ಮುತ್ತು ಅಂತ. ಆಕಿಗಿ ಮಾತು ಬರೂದಿಲ್ಲ, ಆಕಿ ನಮ್ಮಂಗಿಲ್ಲ. ನೀವು ನೋಡಬಾರದು ಅಂತ ಹೊರಗ ಕಳಿಸಿದ್ವಿ. ಈಗ ಕೂಸು ಎಲ್ಲಿ ಐತೋ ಗೊತ್ತಿಲ್ಲ. ನಿಮ್ಮ ಒಪ್ಪಿಗಿ ನೀವು ಇಟಗೋರಿ, ಬಿಡ್ರಿ, ನಾ ನನ್ನ ಮಗಳನ್ನ ಹುಡುಕಾಕ ಹೊಂಟೇನಿ."

ಸುನಂದಾ ಎದ್ದು ಬಂದು ನನ್ನ ಪಕ್ಕ ನಿಂತಳು. ಅತ್ತೆ ಹಾಲಿನ ಲೋಟ ಹಿಡಿದವಳೇ ಕುಸಿದು ಕೂತಳು. ಹುಡುಗನ ತಾಯಿ ಗಂಡನ ಮುಖ ನೋಡಿದರು. ಗಂಡ ಗೋಡೆ ನೋಡಿದರು.

ಎದ್ದವನು ಹುಡುಗ ಒಬ್ಬನೇ. "ಅಕ್ಕಾರ, ಯಾವ ಬಸ್ಸಿಗಿ ಹೋಗ್ಯಾರ?"

ಕೂಡಲಸಂಗಮ ಅಂದೆ. ಮುಂಜಾನೆ ಅಂದೆ. ಕೆಂಪು ಫ್ರಾಕು ಅಂದೆ. ಆಮೇಲೆ ಏಕೋ, "ಡ್ರೈವರನ ಹಿಂದಿನ ಸೀಟಿನ್ಯಾಗ ಕುಂದ್ರತಾಳ. ಎಂಜಿನ್ ಬಂದ್ ಆಗೂತನಕ ಇಳಿಯೂದಿಲ್ಲ" ಅಂತಲೂ ಅಂದೆ.

ಅವನು ಗಡಿಯಾರ ನೋಡಿ ಬಸ್ಸುಗಳ ವೇಳೆಯನ್ನು ಬೆರಳಲ್ಲಿ ಎಣಿಸಿದ. "ಹಂಗಾರ ಹೊಳಿ ಕಡೆ ಉಳಿದಿಲ್ಲ ಬಿಡ್ರಿ ಅಕ್ಕಾರ. ತಿರಗಿ ಬರೂಮುಂದ ಹುನಗುಂದದಾಗ ಬಸ್ ಬದಲ ಮಾಡಬೇಕು, ಅಲ್ಲಿ ಬ್ಯಾರೆ ಬಸ್ ಹತ್ಯಾಳ. ಆ ಹೊತ್ತಿನ್ಯಾಗ ಅಲ್ಲಿ ಎಂಜಿನ್ ಹಚಗೊಂಡ ನಿಲ್ಲೂದು ಹುಬ್ಬಳ್ಳಿ ಗಾಡಿ." ಫೋನು ಕೈಗೆತ್ತಿಕೊಂಡ. ಒಬ್ಬರಾದ ಮೇಲೆ ಒಬ್ಬರು, ಅವನ ಜೊತೆಯ ಕಂಡಕ್ಟರುಗಳು, ನಿಲ್ದಾಣದ ಕಂಟ್ರೋಲರುಗಳು. "ಲೇ, ಕೆಂಪು ಫ್ರಾಕಿನ ಹುಡುಗಿ, ಮಾತ ಬರೂದಿಲ್ಲ, ಜೋಡಿ ಒಬ್ಬಾಕಿ ಕಾಲೇಜ ಹುಡುಗಿ, ಕಂಡಾರೇನ ನೋಡಲೇ." ಅಮೀನಗಡದಲ್ಲಿ ಇಳಿದಿಲ್ಲ. ಗುಳೇದಗುಡ್ಡದಲ್ಲಿ ಇಳಿದಿಲ್ಲ. ಬಾದಾಮಿಯಲ್ಲಿ ಇಳಿದಿಲ್ಲ. ಪ್ರತಿಯೊಂದು ಇಲ್ಲಕ್ಕೂ ನನ್ನ ಜೀವ ಹೋಗಿ ಬರುತ್ತಿತ್ತು. ಕೊನೆಗೆ ಅವನು ಫೋನು ಕಿವಿಯಿಂದ ತೆಗೆಯದೆಯೇ ನನ್ನ ಕಡೆ ತಿರುಗಿ ಕೈ ಎತ್ತಿದ. "ಕುಳಗೇರಿ ಕ್ರಾಸಿನ್ಯಾಗ ಅದಾರ. ಚಹಾದ ಅಂಗಡಿ ಮುಂದ. ಇಬ್ಬರೂ ಅದಾರ."

ಅವರ ಜೀಪು ಹೇಗೂ ಬಾದಾಮಿಗೆ ಹೋಗುವುದು, ಅಲ್ಲಿಂದ ಕುಳಗೇರಿ ಕ್ರಾಸು ಮುಂದೆ. ಹುಡುಗನೇ "ಹತ್ರಿ" ಅಂದ. ಹೀಗೆ ನಾವು ಗಂಡ ಹೆಂಡತಿ ಬೀಗರಾಗಬೇಕಾಗಿದ್ದವರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ಹೊರಟೆವು. ಒಪ್ಪಿಗೆ ಐತೋ, ಮುರಿದು ಬಿತ್ತೋ, ಕೇಳುವ ಧೈರ್ಯ ನಮಗಿಲ್ಲ, ಹೇಳುವ ಮನಸ್ಸು ಅವರಿಗಿಲ್ಲ. ಹುಡುಗನ ತಾಯಿ ಮಡಿಲಲ್ಲಿ ಅತ್ತೆ ಕಟ್ಟಿಕೊಟ್ಟ ಶಿರಾದ ಡಬ್ಬಿ ಇತ್ತು, ಗುಂಡಿ ಬಂದಾಗೆಲ್ಲ ಅದು ಖಡಖಡ ಅನ್ನುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಕ್ರಾಸು ಮುಟ್ಟಿದೆವು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಶಾಹೀನ್ ಕೂತಿದ್ದಳು. ಮುತ್ತು ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು, ಮುಷ್ಟಿಯಲ್ಲಿ ವೇಲಿನ ತುದಿ. ನನ್ನನ್ನು ನೋಡಿದ್ದೇ ಶಾಹೀನಳಿಗೆ ಅಳು ಉಕ್ಕಿ ಬಂತು. ಎದ್ದರೆ ಮುತ್ತು ಎಚ್ಚರಾಗುತ್ತಾಳಲ್ಲ, ಕೂತಲ್ಲೇ ಕೂತು ಬಿಕ್ಕಿದಳು.

"ಬಿಟ್ಟ ಹೋಗಲಿಲ್ರಿ ಅಕ್ಕಾರ. ನಾ ಬಿಟ್ಟ ಹೋಗಲಿಲ್ರಿ."

ಹುನಗುಂದದಲ್ಲಿ ಇಳಿದವರು ಇಳಕಲ್ ಬಸ್ಸಿಗೆ ಕಾಯುತ್ತಿದ್ದರಂತೆ. ಮುತ್ತು ಕೈ ಬಿಡಿಸಿಕೊಂಡು ಓಡಿ, ಹೊರಟು ನಿಂತ ಬಸ್ಸು ಹತ್ತಿ ತನ್ನ ಸೀಟು ಹಿಡಿದುಬಿಟ್ಟಳಂತೆ. ಇಳಿಸಲು ಹೋದರೆ ಚೀರಾಟ. ಜನ ಸೇರಿ "ಇಂಥಾವ್ರನ್ನ ಯಾಕ ಹೊರಗ ತರ್ತೀರಿ" ಅಂದರಂತೆ. ಕಂಡಕ್ಟರು ಇಳೀರಿ ಇಲ್ಲ ಕೂಡ್ರಿ ಅಂದ. ಇವಳು ಟಿಕೆಟ್ ತೆಗೆಸಿ ಕೂತಳು. ಮುಂಜಾನೆಯಿಂದ ಮುತ್ತುವಿಗೆ ಹಾಡು ಕೇಳಿಸಿ ಕೇಳಿಸಿ ಫೋನಿನ ಬ್ಯಾಟರಿ ಸತ್ತಿತ್ತು, ನಂಬರು ಯಾರಿಗೆ ಬಾಯಿಪಾಠ ಇರುತ್ತದೆ. ಇಲ್ಲಿ ಡ್ರೈವರ್ ಚಹಾಕ್ಕೆ ಎಂಜಿನ್ ಬಂದ್ ಮಾಡಿದ ಕೂಡಲೇ ಮುತ್ತು ತಾನಾಗಿ ಎದ್ದು ಇಳಿದಳಂತೆ. "ಯಾಕ ಇಳದ್ಲೋ ಇನ್ನೂ ತಿಳಿವಲ್ದರಿ," ಅಂದಳು. ಮಳೆಗೆ ಹೋಗಿದ್ದ ಕರೆಂಟು ಆಗಷ್ಟೇ ಬಂದು, ಅಂಗಡಿಯವನ ಚಾರ್ಜರಿಗೆ ಹಚ್ಚಿದ ಅವಳ ಫೋನು ಕಣ್ಣು ಬಿಡುತ್ತಿತ್ತು.

ನಾನು ಮುತ್ತುವನ್ನು ಎತ್ತಿಕೊಳ್ಳಲಿಲ್ಲ. ಶಾಹೀನಳ ಪಕ್ಕ ಕೂತು ಇಬ್ಬರನ್ನೂ ಸೇರಿಸಿ ಅಪ್ಪಿಕೊಂಡೆ. ನಾನೂ ಅತ್ತುಬಿಟ್ಟೆ, ಯಾರು ನೋಡಿದರೇನು. ಹುಡುಗನ ತಾಯಿ ಜೀಪಿನಿಂದ ಇಳಿದು ಬಂದು, ಮುತ್ತುವಿನ ಮುಖವನ್ನು ಬಹಳ ಹೊತ್ತು ನೋಡಿದರು. ಶಿರಾದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ತಿರುಗಿ ಹೋದರು.

ವಾರದೊಳಗೆ ಸುದ್ದಿ ಬಂತು. ಒಪ್ಪಿಗಿ ಇಲ್ಲ. ಮಂಜುನಾಥ ಮನೆಯಲ್ಲಿ ಜಗಳಾಡಿದನಂತೆ, ನಡೆಯಲಿಲ್ಲವಂತೆ. ಸುನಂದಾ ಎರಡು ದಿನ ಅತ್ತು, ಮೂರನೆಯ ದಿನ ಮುತ್ತುವಿನ ತಲೆ ಬಾಚಲು ಕೂತಳು. ಅತ್ತೆ ಮಾತ್ರ ನನ್ನ ಕೂಡ ಮಾತು ಬಿಟ್ಟಳು. ಮಳೆಗಾಲ ಪೂರ್ತಿ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆವು, ಮಾತಿಲ್ಲ. ಏನಾದರೂ ಬೇಕಾದರೆ ಮುತ್ತುವಿಗೆ ಹೇಳುತ್ತಿದ್ದಳು. "ನಿಮ್ಮವ್ವಗ ಹೇಳ ಮುತ್ತಾ, ಉಪ್ಪು ತೀರೈತಿ." ಮಾತು ಬಾರದ ಕೂಸಿನ ಮುಖಾಂತರ ನಮ್ಮ ಮಾತುಕತೆ, ಎಂಥ ಮನೆ ನೋಡಿ ನಮ್ಮದು!

ಶಾಹೀನ್ ರವಿವಾರ ತಪ್ಪಿಸಲಿಲ್ಲ. ಒಮ್ಮೆ ನಾನೇ ಎತ್ತಿದೆ. "ಅದೊಂದು ಪ್ರಶ್ನೆ ಬಿಟ್ಟಿದ್ದಿಯಲ್ಲ, ಕೇಳು."

"ಬ್ಯಾಡ್ರಿ ಅಕ್ಕಾರ."

"ಕೇಳಲೇ ಹುಡುಗಿ. ಬರಕೋ. ಗುನ್ಹೆ ಒಪ್ಪಿಲ್ಲ. ಮಗಳು ಒಪ್ಪಿಗಿ."

ಅವಳು ಪೆನ್ನು ಹಿಡಿದು ಕೂತಳು. "ಹಂಗ ಬರಿಯಾಕ ಇದರಾಗ ಜಾಗ ಇಲ್ರಿ."

"ಅದು ನಿನ್ನ ಗೋಳು. ನಿಂದು ಹೇಳು ಈಗ. ಯಾವಾಗಲೂ, ಆಗಾಗ, ಎಂದೂ ಇಲ್ಲ?"

ಪೆನ್ನಿನ ಮುಚ್ಚಳ ಹಾಕಿದಳು. "ಮೊದಲ ಯಾವಾಗಲೂ ಇತ್ತರಿ. ಈಗ ಆಗಾಗ." ಆಮೇಲೆ ಮುತ್ತುವಿನ ಮುಷ್ಟಿಯಲ್ಲಿದ್ದ ತನ್ನ ವೇಲು ನೋಡಿ, "ರವಿವಾರ ಬಿಟ್ಟು," ಅಂದಳು.

ದೀಪಾವಳಿ ಮುಗಿದ ಮೇಲೆ ಸುನಂದಾಳನ್ನು ನೋಡಲು ಹುನಗುಂದದವರು ಬರುತ್ತೇವೆ ಅಂದರು. ಆ ದಿನ ಬೆಳಗ್ಗೆಯಿಂದ, ಮುತ್ತುವನ್ನು ಹೊರಗೆ ಕಳಿಸು ಅಂತ ಅತ್ತೆ ಈ ಸಲವೂ ಕೇಳಿದರೆ ಏನು ಹೇಳಬೇಕು ಅಂತ ಮಾತುಗಳನ್ನು ಹರಿತ ಮಾಡಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಅತ್ತೆ ಬಂದಳು, ನನ್ನ ಕಡೆ ನೋಡಲಿಲ್ಲ. ಮುತ್ತುವನ್ನು ಕೈ ಹಿಡಿದು ಬಚ್ಚಲಿಗೆ ಕರೆದೊಯ್ದಳು. ಎಲ್ಲಿಗೋ ಕಳಿಸುವ ತಯಾರಿ ಅಂದುಕೊಂಡೆ, ರಕ್ತ ಕುದಿಯಿತು. ಬಾಗಿಲಿಗೆ ಹೋಗುವಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದು, ಬಂದವರ ಚಪ್ಪಲಿಯ ಸದ್ದು.

ಪಡಸಾಲೆಗೆ ಬಂದರೆ ಅತ್ತೆ ಮಂಚದ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಮುತ್ತು, ತಲೆ ತುಂಬ ಅಬ್ಬಲಿಗೆ ಹೂವು, ಅದೇ ಕೆಂಪು ಫ್ರಾಕು. ತೂಗಾಡುತ್ತಿದ್ದಾಳೆ, ಮುಷ್ಟಿಯಲ್ಲಿ ಅಜ್ಜಿಯ ಸೆರಗು. ಬಂದವರು ಹೊಸಿಲು ದಾಟಿ ಅಲ್ಲೇ ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅತ್ತೆ ಸೆರಗು ಬಿಡಿಸಿಕೊಳ್ಳಲಿಲ್ಲ, ಏಳಲೂ ಇಲ್ಲ. "ಬರ್ರಿ, ಕುಂದರ್ರಿ," ಅಂದಳು. "ಇಕಿ ನನ್ನ ಮೊಮ್ಮಗಳು. ಮೊದಲ ಇಕೀನ್ನ ನೋಡ್ರಿ. ಆಮ್ಯಾಲ ಆಕೀನ್ನ ಕರೀತೇನಿ."